ತಾಟು ತೊಳೆದ ನೀರು

ಇದು ನಡೆದದ್ದು ಖಾನಾಪುರದಲ್ಲಿ ಅಲ್ಲವೇನೋ; ನಾನು ಉಂಡ ಅಡುಗೆಮನೆಯನ್ನು ನಾನೇ ಆಮೇಲೆ ಅಲ್ಲಿಗೆ ಸೇರಿಸಿಕೊಂಡಿರಬಹುದು. ಎಪ್ಪತ್ತರ ದಶಕದ ಕೊನೆ. ಆಫ್ರಿಕಾದ ಒಂದು ಹಳ್ಳಿಯಲ್ಲಿ ಸಂಬಳವಿಲ್ಲದೆ ಪಾಠ ಹೇಳಲು ಹೊರಟಿದ್ದೆ. ಅಲ್ಲಿ ಒಂದು ಕುಟುಂಬದ ಜೊತೆಗೇ ಇರಬೇಕಿತ್ತು. ಪರರ ಮನೆಯಲ್ಲಿ ಇರುವ ರೂಢಿಯಾಗಲೆಂದು ಅವ್ವ ನನ್ನನ್ನು ಹಿಂದವಾಡಿಯ ನಮ್ಮ ಮನೆಯಿಂದ ಖಾನಾಪುರಕ್ಕೆ, ಅಪ್ಪನ ಮರಾಠಿ ಗೆಳೆಯರ ಮನೆಗೆ ಕಳಿಸಿದಳು.

ಮೊದಲ ಊಟ ಮುಗಿಸಿ, ಒಂದು ಅಗುಳೂ ಹಾಳಾಗಬಾರದೆಂಬ ನಮ್ಮ ಮನೆಯ ಪದ್ಧತಿಯಂತೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು ಕುಡಿದೆ. ಗೆಳೆಯರ ಹೆಂಡತಿ ಮತ್ತೆ ಅನ್ನ ಬಡಿಸಿದರು. ಅದನ್ನೂ ಉಂಡು, ತೊಳೆದು ಕುಡಿದೆ. ಮತ್ತೆ ಬಡಿಸಿದರು.

"ಸಾಕ್ರೀ ಕಾಕೂ! ಇದು ನಮ್ಮ ಪದ್ಧತಿ, ನಿಮಗ ಗೊತ್ತಿಲ್ಲೇನ್ರಿ?"

"ನನಗ ಗೊತ್ತೈತಿ ತಮ್ಮಾ. ನೀ ಹೋಗೋ ಊರಿನವರಿಗೆ ಹ್ಯಾಂಗ ಗೊತ್ತಾಗಬೇಕು? ಪಾಪ, ಹಸದಾನ ಅಂತ ತಮ್ಮ ಪಾಲಿಂದೂ ನಿನಗ ಹಾಕ್ತಾರ."

ಮರುದಿನ ತಾಟು ತೊಳೆಯದೆ ಎದ್ದೆ. ಅಂಟಿದ್ದ ಅಗುಳುಗಳ ಸಮೇತ ಕಾಕೂ ಅದನ್ನು ಒಯ್ದರು. ನನಗೆ ಏನೂ ಅನ್ನಿಸಲಿಲ್ಲ.

ಆಫ್ರಿಕಾದಿಂದ ಮರಳಿದ ಮೇಲೆ ಅವ್ವ ಕೇಳಿದ್ದು ಒಂದೇ: ಅಲ್ಲಿನ ಮನೆಯ ಮೊದಲ ಊಟಕ್ಕೆ ತಾಟು ತೊಳೆದು ಕುಡಿದೆಯಾ? ನೆನಪಿಗೆ ಬಂದದ್ದು ಖಾನಾಪುರದ ಆ ತಾಟು ಮಾತ್ರ; ಅಲ್ಲಿ ಕುಡಿದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ.