ಒರೆಯೊಳಗಿನ ಕುಂಕುಮ

ಐರ್ಲೆಂಡಿನ ಡ್ರೋಹೆಡಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಯೆಮೆನಿನ ಹಿರಿಯರು ಬಾಯ್ಲರ್ ಕೆಟ್ಟರೂ ಮಂಡಿ ನೋವಾದರೂ "ಗ್ರ್ಯಾಂಡ್, ಸಿಸ್ಟರ್, ಗ್ರ್ಯಾಂಡ್" ಎನ್ನುತ್ತಿದ್ದರು; ಅಲ್ಲಿಯವರ ಮಾತಿನಲ್ಲಿ ಎಲ್ಲ ಚೆನ್ನಾಗಿದೆ ಎಂದರ್ಥ. ಈದ್ ದಿನ ಮನೆಯೊಳಗೇ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಹೊಟ್ಟೆಯ ನಡುಮಧ್ಯೆ ತಮ್ಮಪ್ಪನ ಬಾಗುಕಠಾರಿಯನ್ನು ನೆಟ್ಟಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದರದು ಕೊಂಬಿನ ಹಿಡಿ; ಒರೆಯ ತುದಿ ಕೊಕ್ಕೆಯಂತೆ ಮೇಲಕ್ಕೆ ತಿರುಗಿತ್ತು.

ಮಂಡಿ ಆಪರೇಷನ್ನಿಗೆ ಹೋಗುವಾಗ ಅದನ್ನು ಜೋಪಾನ ಮಾಡಲು ನನಗೆ ಕೊಟ್ಟರು. ಅಷ್ಟರಲ್ಲಿ ಆಯುಧಪೂಜೆ ಬಂತು. ಮಿಕ್ಸಿ, ಕಾರಿಗೆಲ್ಲ ಕುಂಕುಮ ಇಟ್ಟವಳು, ಅವರಿಗೂ ಒಳ್ಳೆಯದಾಗಲೆಂದು ಕಠಾರಿಯನ್ನು ಒರೆಯಿಂದೆಳೆದು ಅಲಗಿಗೂ ಇಟ್ಟೆ. ಅದಿನ್ನೂ ದೇವರ ಮುಂದಿರುವಾಗಲೇ ಅವರು ಊರುಗೋಲು ಹಿಡಿದು ಬಂದರು.

"ಚೆನ್ನಾಗಿ ಹೊಳೀತಿದೆ ಅಲ್ವಾ?" ಎಂದೆ.

ಅವರು ಊರುಗೋಲನ್ನು ಗೋಡೆಗೆ ಒರಗಿಸಿದರು. "ನಾವು ಮದುವೆ ಕುಣಿತಕ್ಕೆ ಮಾತ್ರ ಒರೆಯಿಂದ ತೆಗೀತೀವಿ, ಸಿಸ್ಟರ್. ಕೊನೇಸಲ ತೆಗೆದಿದ್ದು ಅಪ್ಪ, ನನ್ನ ಮದುವೇಲಿ. ಆಮೇಲೆ ನಾನೂ ತೆಗೆದಿರಲಿಲ್ಲ."

ಕುಂಕುಮ ಅಳಿಸಲು ಸೆರಗು ಹಿಡಿದೆ. ಅವರು ಕೈ ಅಡ್ಡ ಹಿಡಿದು, ಕುಂಕುಮವಿದ್ದಂತೆಯೇ ಅಲಗನ್ನು ಒರೆಗೆ ಸೇರಿಸಿದರು. ಆ ದಿನ "ಗ್ರ್ಯಾಂಡ್" ಎನ್ನಲಿಲ್ಲ.

ಮರುವರ್ಷ ಅವರು ಮಗಳಿರುವ ಊರಾದ ಕಾರ್ಕ್‌ಗೆ ಹೋದರು. ಅವರಪ್ಪನ ಕೈ ಕೊನೆಗೆ ಒರೆಯಿಂದ ತೆಗೆದಿದ್ದ ಅಲಗನ್ನು ನಾನು ಮುಟ್ಟಿಬಿಟ್ಟೆನಲ್ಲ ಎಂಬ ಕೊರಗು ಹೋಗಿಲ್ಲ. ಅವರು ಕುಂಕುಮ ಅಳಿಸಲಿಲ್ಲವಲ್ಲ, ಅಷ್ಟಾದರೂ ದೇವರ ದಯೆ.