ಕಾರು ಒಬ್ಬರ ಪಾಲಿಗೆ, ಚಾರ್ಜರು ಒಬ್ಬರ ಪಾಲಿಗೆ

ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೆ ‘ಬ್ಯಾಟ್ರಿ ಅಕ್ಕ’ ಎಂದೇ ಹೆಸರು. ನನ್ನ ಹಾಗೆ ಕೆಲಸಕ್ಕೆ ಹೋಗುವ ಹೆಂಗಸರು ಊಟದ ಡಬ್ಬಿ ಹಿಡಿದು ಹತ್ತಿದರೆ, ನಾನು ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಾರಿನ ಬ್ಯಾಟರಿ ಇಟ್ಟುಕೊಂಡು ಹತ್ತುತ್ತಿದ್ದೆ. ಕಂಡಕ್ಟರ್ ಮುಖ ಸಿಂಡರಿಸುತ್ತಿದ್ದ.

“ಅಕ್ಕಾ, ಆಸಿಡ್ ಚೆಲ್ಲುದ್ರೆ ನನ್ ಕೆಲ್ಸ ಓಯ್ತದೆ.”

“ನನ್ ಸೀರೆಗಳೇ ಓದ್ವು. ನಿನ್ ಕೆಲ್ಸ ಇನ್ನೂ ಐತಲ್ಲ, ಟಿಕೆಟ್ ಕೊಡು.”

ಸುಳ್ಳು ಹೇಳಿದ್ದಲ್ಲ. ಆಸಿಡ್ ಸಿಡಿದದ್ದು ಆಗ ಗೊತ್ತೇ ಆಗುವುದಿಲ್ಲ. ಒಗೆದು ಹರವುವಾಗ ನೆರಿಗೆಯ ಉದ್ದಕ್ಕೂ ತೂತುಗಳು ಕಾಣುತ್ತವೆ. ಆ ಹೊತ್ತಿನಲ್ಲಿ ನಾನು ಮನೆಯವರನ್ನೆಲ್ಲ ಸೇರಿಸಿ ಬೈಯುತ್ತಿದ್ದೆ.

ಬ್ಯಾಟರಿ ನನ್ನ ಮಾವನವರ ಕಾರಿನದು. ಅವರ ತಂದೆ ಕೊಂಡ ಕಪ್ಪು ಕಾರು, ಈಗಿನವುಗಳ ಹಾಗೆ ಹನ್ನೆರಡು ವೋಲ್ಟಿನದಲ್ಲ, ಆರು ವೋಲ್ಟಿನದು. ಭಾನುವಾರ ಹೇಮಾವತಿ ಸೇತುವೆಯ ತನಕ ಹೋಗಿ ಬಂದರೆ ಅದರ ಸವಾರಿ ಮುಗಿಯಿತು. ಅಷ್ಟು ಓಡಿದರೆ ಬ್ಯಾಟರಿ ತುಂಬುವುದಿಲ್ಲ. ಸುಮ್ಮನೆ ನಿಂತರೂ ಅದು ಇಳಿಯುತ್ತಲೇ ಇರುತ್ತದೆ, ಇಳಿದದ್ದನ್ನು ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳು ಬಿಳಿಚಿಕೊಂಡು ಸಾಯುತ್ತವೆ. ಬಳಸಿದ್ದಕ್ಕಿಂತ ಬಳಸದೆ ಬಿಟ್ಟದ್ದಕ್ಕೇ ಹಾಳಾಗುವ ವಸ್ತು ಅದು. ಇದು ನನಗೆ ಅರ್ಥವಾಗಲು ಬಹಳ ಸೀರೆಗಳು ಬೇಕಾದವು.

ಒಮ್ಮೆ ನಮ್ಮೂರ ಅಂಗಡಿಯೊಂದಕ್ಕೆ ಚಾರ್ಜಿಗೆ ಕೊಟ್ಟಿದ್ದೆವು. ಅವರು ಹನ್ನೆರಡು ವೋಲ್ಟಿಗೆ ಕೊಟ್ಟು ಆಸಿಡ್ಡನ್ನು ಸಾರಿನ ಹಾಗೆ ಕುದಿಸಿಬಿಟ್ಟರು. ಅಲ್ಲಿಂದಾಚೆಗೆ ಮಾವ ನಂಬಿದ್ದು ಒಂದೇ ಚಾರ್ಜರನ್ನು. ಹಾಸನದಲ್ಲಿ ಕಾಯಿಲ್ ಸುತ್ತಿಸಿ ಮಾಡಿಸಿದ, ಮುಂದೆ ಮುಳ್ಳಿನ ಮೀಟರಿರುವ ಕಬ್ಬಿಣದ ಪೆಟ್ಟಿಗೆ. ಅದು ಇದ್ದದ್ದು ಚನ್ನರಾಯಪಟ್ಟಣದಲ್ಲಿ, ಮಾವನ ತಮ್ಮನ ಮನೆಯಲ್ಲಿ. ಅಣ್ಣ ತಮ್ಮ ನನ್ನ ಮದುವೆಗೂ ಮೊದಲೇ ಮಾತು ಬಿಟ್ಟಿದ್ದರು.

ಮೊದಲು ಕಾರು ಓಡಿಸುತ್ತಿದ್ದವರು ಮಾವ, ನೋಡಿಕೊಳ್ಳುತ್ತಿದ್ದವರು ಚಿಕ್ಕಮಾವ. ಚಿಕ್ಕಮಾವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಆದರೆ ಕಾರಿನ ಒಂದೊಂದು ವೈರೂ ಗೊತ್ತಿತ್ತು. ಆಸ್ತಿ ಪಾಲಿನ ದಿನ, ಅರಕಲಗೂಡಿನಿಂದ ಪಂಚಾಯ್ತಿಗೆ ಬಂದಿದ್ದ ಅವರ ಭಾವನವರು “ಕಾರು ಯಾರಿಗೆ?” ಎಂದರಂತೆ. “ಓಡ್ಸೋಕ್ ಬರ್ದೋನಿಗೆ ಕಾರ್ಯಾಕೆ?” ಎಂದುಬಿಟ್ಟರು ಮಾವ, ಎಲ್ಲರೆದುರಿಗೆ. ಚಿಕ್ಕಮಾವ ಎದ್ದು, ತಾವೇ ಮಾಡಿಸಿದ್ದ ಚಾರ್ಜರನ್ನು ಎತ್ತಿಕೊಂಡು ಹೊರಟವರು ಆಮೇಲೆ ಆ ಮನೆಗೆ ಬರಲಿಲ್ಲ. ಮಾವನೂ ಅವರ ಹೊಸಿಲು ದಾಟಲಿಲ್ಲ.

ನನ್ನ ಗ್ರಹಚಾರಕ್ಕೆ ನನ್ನ ಆಫೀಸು ಚನ್ನರಾಯಪಟ್ಟಣದಲ್ಲಿತ್ತು. ಇವತ್ತು ಬ್ಯಾಟರಿ ಕೊಟ್ಟರೆ ನಾಳೆ ಸಂಜೆಗೆ ಚಿಕ್ಕಮಾವ ವಾಪಸು ಕೊಡುತ್ತಿದ್ದರು. ರಾತ್ರಿಯೆಲ್ಲ ಸಣ್ಣ ಕರೆಂಟಿನಲ್ಲಿ ತುಂಬಿಸಿ, ಟರ್ಮಿನಲ್ಲಿಗೆ ಕಟ್ಟಿದ ಬಿಳಿ ಹುಡಿಯನ್ನು ಅಡುಗೆ ಸೋಡದ ಬಿಸಿನೀರಲ್ಲಿ ತೊಳೆದು, ವ್ಯಾಸಲೀನ್ ಸವರಿ ಕಳಿಸುತ್ತಿದ್ದರು. ತೌರಿಗೆ ಹೋಗಿ ಬಂದ ಸೊಸೆಯ ಹಾಗೆ ಮಿರಮಿರ ಮಿಂಚುತ್ತಾ ಬರುತ್ತಿತ್ತು ಅದು. ಜೊತೆಗೊಂದು ಮಾತೂ ಬರುತ್ತಿತ್ತು.

“ಮಧ್ಯದ್ ಸೆಲ್ಲು ಇಳೀತಾ ಐತೆ. ಸುಮ್ಸುಮ್ನೆ ಆರನ್ ಬಾರಿಸ್ಬ್ಯಾಡಿ ಅಂತ ಏಳವ್ವ ಅವ್ರಿಗೆ.”

ಮನೆಗೆ ಬಂದು ಹೇಳಿದರೆ ಮಾವ, “ನಾಯಿ ಅಡ್ಡ ಬಂದ್ರೆ ಮಾತ್ರ ಬಾರಿಸ್ತೀನಿ ಅಂತ ಏಳು ಅವ್ನಿಗೆ. ನೀರು ಜಾಸ್ತಿ ಉಯ್ದವ್ನೆ ಅಂತ್ಲೂ ಏಳು,” ಅನ್ನುತ್ತಿದ್ದರು. ಒಬ್ಬರ ಬಿಪಿಯನ್ನು ಇನ್ನೊಬ್ಬರು ಕೇಳಿದ್ದಿಲ್ಲ. ಬ್ಯಾಟರಿಯ ಮೂರು ಸೆಲ್ಲುಗಳ ಯೋಗಕ್ಷೇಮವನ್ನು ಮಾತ್ರ ತಪ್ಪದೆ ಕೇಳಿದರು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಹೋದ ವರ್ಷ ನನ್ನ ಸೊಂಟ ಹಿಡಿಯಿತು. ಭಾರ ಎತ್ತಬಾರದು ಎಂದರು ಹಾಸನದ ಡಾಕ್ಟರು. ನನ್ನ ಗಂಡ ಮೊಬೈಲಿನಲ್ಲೇ ಒಂದು ಹೊಸ ಚಾರ್ಜರು ತರಿಸಿದರು. ಅಂಗೈಯಗಲದ್ದು, ಆರಕ್ಕೂ ಹನ್ನೆರಡಕ್ಕೂ ಆಗುತ್ತದೆ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ಮಾವ ಅದನ್ನು ಹಾಕಿ ನೋಡಿ, “ಚೆನ್ನಾಗೇ ಕೆಲ್ಸ ಮಾಡ್ತೈತೆ,” ಎಂದರು. ಆ ದನಿಯಲ್ಲಿ ಖುಷಿ ಇರಲಿಲ್ಲ. ಆಗ ನಾನದನ್ನು ಗಮನಿಸಲೂ ಇಲ್ಲ, ಬಕೆಟ್ಟನ್ನು ಬಚ್ಚಲಿಗೆ ಹಾಕಿ ಹಾಯಾಗಿದ್ದೆ.

ಮುಂದಿನ ತಿಂಗಳು ಚಿಕ್ಕಮಾವ ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಯಾವತ್ತೂ ಅಲ್ಲಿಗೆ ಬಂದವರಲ್ಲ.

“ಯಾಕವ್ವ, ಬ್ಯಾಟ್ರಿ ಬರ್ಲೇ ಇಲ್ಲ? ಅವ್ರು ಉಸಾರಾಗವ್ರಾ?”

ಹೊಸ ಚಾರ್ಜರಿನ ವಿಷಯ ಹೇಳಿದೆ. “ಒಳ್ಳೇದಾಯ್ತು ಬುಡು, ನಿನ್ ಸೊಂಟಕ್ಕೆ ರೆಸ್ಟು,” ಎಂದು ಹೊರಟರು. ಅವರು ನಡೆದು ಹೋಗುವುದನ್ನು ನೋಡುತ್ತ ನಿಂತೆ. ಇಷ್ಟು ವರ್ಷ ನಾನು ಏನನ್ನು ಹೊತ್ತು ತಿರುಗುತ್ತಿದ್ದೆ ಎಂದು ಆಗ ತಿಳಿಯಿತು. ಇಬ್ಬರಿಗೂ ವಯಸ್ಸಾಗಿತ್ತು. ಈ ಎಳೆಯೂ ಕಡಿದರೆ ಇನ್ನು ಒಬ್ಬರನ್ನೊಬ್ಬರು ಕಾಣುವುದು ಯಾರಾದರೊಬ್ಬರ ಹೆಣದ ಮುಂದೆಯೇ ಅನ್ನಿಸಿತು.

ಸಂಜೆ ಮಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎದ್ದು ಹೋಗಿ ಕಾರು ಒರೆಸಿದರು.

ಆ ಭಾನುವಾರ ಮಧ್ಯಾಹ್ನ, “ಬಾರವ್ವ, ಒಂದ್ ರೌಂಡ್ ಓಗ್ಬರನ,” ಎಂದು ನನ್ನನ್ನು ಕೂರಿಸಿಕೊಂಡವರು ಸೇತುವೆಯ ಕಡೆ ತಿರುಗಲೇ ಇಲ್ಲ. ಚನ್ನರಾಯಪಟ್ಟಣದ ರಸ್ತೆ ಹಿಡಿದರು. ನಾನು ಬಾಯಿ ಬಿಡಲಿಲ್ಲ, ನನ್ನ ಪಾಲಿಗೆ ಅದೇ ದೊಡ್ಡ ಸಾಧನೆ. ತಮ್ಮನ ಮನೆ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹೆಡ್‌ಲೈಟಿನ ಗುಂಡಿ ಎಳೆದರು. ಸುಡುಸುಡು ಬಿಸಿಲು.

“ಮಾವ, ಲೈಟ್ ಆನ್ ಆಯ್ತು.”

“ಗೊತ್ತು. ಸುಮ್ಕಿರು.”

ಚಿಕ್ಕಮಾವ ಹೊರಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಮುಂದೆ ನಿಂತು, ಲೈಟಿನ ಗಾಜಿನ ಮೇಲೆ ಅಂಗೈ ಇಟ್ಟರು. ಗಾಜು ಬೆಚ್ಚಗಾಗಿರಬೇಕು. ಒಂದು ಹಾರ್ನಿಗೆ ಲೆಕ್ಕ ಕೇಳುತ್ತಿದ್ದ ಮನುಷ್ಯ, ನನ್ನ ಮುಖ ನೋಡಿ, ಏನೂ ಹೇಳದೆ ಹೋಗಿ ಜಗಲಿಯ ಮೇಲೆ ಕೂತರು.

ಮಾವ ಇಳಿಯಲಿಲ್ಲ. ಚಿಕ್ಕತ್ತೆ ಕೊಟ್ಟ ಕಾಫಿಯನ್ನು ಸೀಟಿನಲ್ಲೇ ಕುಡಿದರು. ಜಗಲಿಯಿಂದ ಚಿಕ್ಕಮಾವ, “ಇಂದ್ಗಡೆ ಟಯರ್ಗೆ ಗಾಳಿ ಕಮ್ಮಿ ಐತೆ ಅಂತ ಏಳವ್ವ,” ಎಂದರು.

“ಅಲ್ಲೇ ಕೂತವ್ರೆ, ನೀವೇ ಏಳಿ. ನನ್ ಗಂಟ್ಲು ಒಣ್ಗೋಗೈತೆ,” ಎಂದೆ.

ಯಾರೂ ಹೇಳಲಿಲ್ಲ. ಬಿಸಿಲು ಇಳಿಯಿತು. ಬಿಸಿಲಿಗೆ ಕಾಣದಿದ್ದ ಲೈಟು ಈಗ ಹಳದಿಯಾಗಿ ಕಂಡಿತು, ನೋಡುತ್ತ ನೋಡುತ್ತ ಕೆಂಪಾಯಿತು. ಆಗ ಮಾವ ಸ್ಟಾರ್ಟರ್ ಒತ್ತಿದರು. ಟಕ್ ಎಂದಿತು, ಅಷ್ಟೇ. ಡಿಕ್ಕಿಯಲ್ಲಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ಇತ್ತು. ನಾಲ್ಕು ಜನ ತಳ್ಳಿದರೂ ಆಗುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು.

“ಲೇ,” ಎಂದರು ಮಾವ, ಸ್ಟೀರಿಂಗ್ ಬಿಡದೆ. “ಬ್ಯಾಟ್ರಿ ಇಳ್ದೋಯ್ತು ಕಣ್ಲಾ.”

ಚಿಕ್ಕಮಾವ ಆಗಲೇ ಎದ್ದಿದ್ದರು. ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಜಗಲಿಯ ಮೇಲಿಟ್ಟರು. ಅದರ ಮೇಲೆ ಒಂದು ಚೂರೂ ಧೂಳಿರಲಿಲ್ಲ.

“ರಾತ್ರಿಯೆಲ್ಲಾ ಇಡ್ಬೇಕಾಯ್ತದೆ, ಅಣ್ಣಯ್ಯ. ಅವಸ್ರ ಮಾಡುದ್ರೆ ಪ್ಲೇಟು ಬಗ್ಗೋಯ್ತವೆ.”

“ನಂಗೇನ್ ಅವಸ್ರ,” ಎಂದು ಮಾವ ಕಾರಿನಿಂದ ಇಳಿದು, ಚಪ್ಪಲಿ ಬಿಟ್ಟು, ಒಳಗೆ ಹೋದರು.