ಕೆಮ್ಮಪ್ಪನ ಪುಟ

ನಮ್ಮ ಮಾವ ಮೂವತ್ತೊಂದು ವರ್ಷ ಅಗ್ನಿಶಾಮಕ ದಳದಲ್ಲಿ ಗಾಡಿ ಓಡಿಸಿದವರು. ನಿವೃತ್ತಿಯಾದ ಮೇಲೆ ಸುಮ್ಮನೆ ಕಾಲು ಚಾಚಿ ಕೂರಬಾರದೇ? ಊರಿನ ನಾಲ್ಕು ಠಾಣೆ, ಇಪ್ಪತ್ತಾರು ಗಾಡಿಗಳ ಚರಿತ್ರೆ ಬರೀತೀನಿ ಅಂತ ಹೊರಟರು. ಬರೆಯೋದು ಅವರು, ಟೈಪ್ ಮಾಡೋದು ನಾನು. ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಅಂಗಡಿ ಇಟ್ಟುಕೊಂಡ ಸೊಸೆ ಸಿಕ್ಕಿದ್ದು ಅವರ ಪುಣ್ಯ, ನನ್ನ ಕರ್ಮ.

ಆದರೆ ಅವರು ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇನೆ. ಮೊದಲನೇ ಠಾಣೆ ಇದ್ದ ಕಟ್ಟಡ ಈಗ ಮಂಚ, ಬೀರು ಮಾರುವ ಅಂಗಡಿ. ಹಳೇ ಬಾಗಿಲು ಎಷ್ಟು ಅಗಲ ಇತ್ತು ಅಂತ ತಿಳಿಯೋಕೆ ಟೇಪು ಹಿಡಿದು ಹೋದರು. ಅಂಗಡಿಯವನು ಬೈದು ಕಳಿಸಿದ. ಮರುದಿನ ಮತ್ತೆ ಹೋದರು. ಮೂರನೇ ದಿನ ಟೇಪಿನ ಇನ್ನೊಂದು ತುದಿ ಹಿಡಿದು ನಿಂತವನು ಅದೇ ಅಂಗಡಿಯವನು. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಗಾಡಿಯ ಅಡಿಗೆ ನುಗ್ಗಿ, ಚಾಸಿ ನಂಬರು ಉಜ್ಜಿ ಬರೆದುಕೊಂಡು ಬಂದಾಗ ಅತ್ತೆ, "ಈ ಅಂಗಿ ಇನ್ನು ನೆಲ ಒರೆಸೋಕೂ ಆಗಲ್ಲ" ಅಂದರು. "ನಂಬರು ಸಿಕ್ತಲ್ಲ, ಬಿಡು" ಅಂದರು ಮಾವ. ಊಹೆ ಅಂದರೆ ಅವರಿಗೆ ಆಗಿಬರೋದಿಲ್ಲ. ನಾನು ಎಷ್ಟೋ ಸಲ ಸಿಡುಕಿದ್ದೇನೆ, ಆದರೆ ಆ ಹಟದಲ್ಲಿ ಒಂದು ಚೂರು ನನಗಿದ್ದಿದ್ದರೆ ನಾನು ಎಲ್ಲಿಗೋ ಹೋಗಿರುತ್ತಿದ್ದೆ.

ಇಪ್ಪತ್ತೈದು ಗಾಡಿ ಮುಗಿದವು. ಉಳಿದದ್ದು ಒಂದೇ. ಶುರುವಾಗೋ ಮುಂಚೆ ನಾಲ್ಕು ಸಲ ಕೆಮ್ಮುತ್ತಿದ್ದ ಅದಕ್ಕೆ ಠಾಣೆಯವರು ಕೆಮ್ಮಪ್ಪ ಅಂತ ಹೆಸರಿಟ್ಟಿದ್ದರು. ಸ್ವತಃ ಮಾವನೇ ಹನ್ನೊಂದು ವರ್ಷ ಓಡಿಸಿದ ಗಾಡಿ. ತಿಂಗಳಾದರೂ ಅದರ ಪುಟ ಬರಲಿಲ್ಲ. ಅತ್ತ ಇಲಾಖೆಯವರು ಪುಸ್ತಕ ಅಚ್ಚಿಗೆ ಹೋಗಬೇಕು ಅಂತ ನನ್ನ ತಲೆ ತಿನ್ನುತ್ತಿದ್ದರು. ಒಂದು ಬೆಳಿಗ್ಗೆ ರೇಗಿಯೇ ಬಿಟ್ಟೆ. "ಮಾವ, ಬೇರೆಯವರ ಗಾಡಿಗೆ ಹತ್ತು ಹತ್ತು ಪುಟ, ನಿಮ್ಮ ಗಾಡಿಗೆ ಬರಗಾಲವಾ?"

ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಬಟ್ಟೆ ಗೋದಾಮಿಗೆ ಬೆಂಕಿ ಬಿದ್ದ ದಿನ ಕೆಮ್ಮಪ್ಪ ಎಲ್ಲರಿಗಿಂತ ಮೊದಲು ತಲುಪಿತ್ತು, ಆದರೆ ಪೈಪಿನಿಂದ ಒಂದು ಹನಿ ನೀರು ಬರಲಿಲ್ಲ. ಬೆಳಿಗ್ಗೆ ಕವಾಯತಿನಲ್ಲಿ ಖಾಲಿ ಮಾಡಿದ ಟ್ಯಾಂಕನ್ನು ಮಾವ ಮತ್ತೆ ತುಂಬಿಸೋದು ಮರೆತಿದ್ದರು. ರಿಜಿಸ್ಟರಿನಲ್ಲಿ ಮಾತ್ರ ದಿನದ ರೂಢಿಯಂತೆ 'ಟ್ಯಾಂಕ್ ಭರ್ತಿ' ಅಂತ ಬರೆದು ಸಹಿ ಹಾಕಿದ್ದರು. ಎರಡನೇ ಗಾಡಿ ಬರೋ ಹೊತ್ತಿಗೆ ಗೋದಾಮು ಬೂದಿಯಾಗಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಠಾಣೆಗೆ ವಾಪಸ್ ಬಂದವರು ಹೆದರಿ, ಯಾರೂ ನೋಡುವ ಮೊದಲೇ ಟ್ಯಾಂಕ್ ತುಂಬಿಸಿಟ್ಟರು. ವಿಚಾರಣೆಗೆ ಬಂದವರು ಸಹಿ ನೋಡಿದರು, ನೀರು ನೋಡಿದರು, ಹಾಗಾದರೆ ಪಂಪೇ ಕೈಕೊಟ್ಟಿದೆ ಅಂತ ತೀರ್ಮಾನಿಸಿದರು. ಪಂಪಿನ ಹೊಣೆ ಮೆಕ್ಯಾನಿಕ್‌ದು. ಅವರ ಬಡ್ತಿ ಹೋಯಿತು, ಊರಾಚೆಯ ಡಿಪೋಗೆ ಎತ್ತಂಗಡಿಯಾಯಿತು. ಮಾವ ಬಾಯಿ ಬಿಡಲಿಲ್ಲ.

ನನಗೆ ಮೈಯೆಲ್ಲ ಉರಿದು ಹೋಯಿತು. "ಇಷ್ಟು ವರ್ಷ ನಿಮಗೆ ನಿದ್ದೆ ಹೇಗೆ ಬಂತು?" ಅಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

"ಬರ್ತಿರಲಿಲ್ಲಮ್ಮ" ಅಂದರು.

ಅವತ್ತೇ ಪುಟ ಬರೆದು ಕೊಟ್ಟರು. ಪುಸ್ತಕದ ಉಸ್ತುವಾರಿ ವಹಿಸಿಕೊಂಡಿದ್ದ ಠಾಣಾಧಿಕಾರಿ ಓದಿ ಬೆವರಿದ. "ತಾಂತ್ರಿಕ ಕಾರಣದಿಂದ ಅಂತ ಹಾಕಿಬಿಡಿ ಸಾರ್. ಈಗ ಯಾರು ಕೇಳ್ತಾರೆ?" ಅಡ್ಡಗೋಡೆ ಮೇಲೆ ದೀಪ ಇಡೋದು ಅವನಿಗೆ ಕರತಲಾಮಲಕ. ಮಾವ, "ಮೆಕ್ಯಾನಿಕ್ ಇನ್ನೂ ಬದುಕಿದ್ದಾನೆ" ಅಂತಷ್ಟೇ ಹೇಳಿ ಎದ್ದು ಬಂದರು.

ಭಾನುವಾರ ಮಾವನನ್ನು ನನ್ನ ಸ್ಕೂಟರಿನಲ್ಲೇ ಕೂರಿಸಿಕೊಂಡು ಮೆಕ್ಯಾನಿಕ್ ಮನೆಗೆ ಹೋದೆ. ಎರಡನೇ ಮಹಡಿ. ಮೆಕ್ಯಾನಿಕ್ ಕಿಟಕಿ ಪಕ್ಕ ಕೂತು ಯಾರದೋ ಟೇಬಲ್ ಫ್ಯಾನು ಬಿಚ್ಚಿದ್ದರು. ಮಾವ ಕುಶಲವನ್ನೂ ಕೇಳದೆ ಪುಟ ತೆಗೆದು ಓದಿದರು. ಮೆಕ್ಯಾನಿಕ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಆ ಪಂಪನ್ನ ಮೂರು ಸಲ ಬಿಚ್ಚಿ ಜೋಡಿಸಿದೆ" ಅಂದರು. "ಏನೂ ಕೆಟ್ಟಿರಲಿಲ್ಲ. ಆದರೂ ಕೆಟ್ಟಿದೆ ಅಂತ ಎಲ್ಲರೂ ಹೇಳಿದರು. ಅವತ್ತಿಂದ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿಬಿಡ್ತು."

ಮಾವ ಕ್ಷಮೆ ಕೇಳೋಕೆ ಬಾಯಿ ತೆರೆದರು. ಮೆಕ್ಯಾನಿಕ್ ಕೈ ಅಡ್ಡ ಹಿಡಿದರು.

"ಅದು ಆಮೇಲೆ. ನನ್ನ ಮಗಳು ಅಡುಗೆಮನೆಯಲ್ಲಿದ್ದಾಳೆ. ಅಪ್ಪನ ತಪ್ಪಿನಿಂದ ಗೋದಾಮು ಸುಟ್ಟಿತು ಅಂತ ಸ್ಕೂಲಲ್ಲಿ ಅನ್ನಿಸಿಕೊಂಡು ಬೆಳೆದವಳು. ಅವಳೂ ಕೇಳಲಿ. ಮೊದಲಿಂದ ಓದು."

ನಡುವಯಸ್ಸಿನ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಮಾವ ಪುಟವನ್ನು ಮತ್ತೆ ಕೈಗೆತ್ತಿಕೊಂಡರು. ನಾನು ಓದಲಾ ಅಂತ ಕೇಳಿದೆ, ಬೇಡ ಅಂದರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಬಂದ ಅಭಿಮಾನ ಹೇಳಿ ಮುಗಿಸುವಂಥದ್ದಲ್ಲ. ಎದ್ದು ನಿಂತು, ಆ ಹೆಣ್ಣುಮಗಳ ಮುಖ ನೋಡಿ, ತಮ್ಮ ಹೆಸರಿನಿಂದಲೇ ಶುರುಮಾಡಿದರು.